ಅದಿರಿನ ಕಾಲದ ಬಿಯರ್ ಬಾಟಲಿಗಳು

ಗಣಿ ವ್ಯವಹಾರ ಜೋರಾಗಿದ್ದ ವರ್ಷಗಳಲ್ಲಿ ನಾನು ಬಳ್ಳಾರಿಯ ಒಂದು ಖಾಸಗಿ ಪ್ರಯೋಗಾಲಯದಲ್ಲಿ ಕೆಮಿಸ್ಟ್ ಆಗಿದ್ದೆ. ಅದಿರಿನ ಪುಡಿಯನ್ನು ಆಮ್ಲದಲ್ಲಿ ಕರಗಿಸಿ, ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ಬರೆದುಕೊಡುವುದು ಕೆಲಸ. ಮನೆ ಕುರುಗೋಡಿನಲ್ಲಿತ್ತು, ದಿನವೂ ಬೈಕಿನಲ್ಲಿ ಹೋಗಿಬರುತ್ತಿದ್ದೆ. ಕುಡಿಯುವ ಅಭ್ಯಾಸವಿರಲಿಲ್ಲ. ಗೆಳೆಯರ ಒತ್ತಾಯಕ್ಕೆ ಒಂದೆರಡು ಸಲ ಬಿಯರ್ ಕುಡಿದು, ಕಹಿ ನೀರು ಎನಿಸಿ ಬಿಟ್ಟಿದ್ದೆ.

ಅದಿರು ಕೊಳ್ಳುವವರ ಕಡೆಯಿಂದ ಬಂದ ವಿದೇಶಿ ತಪಾಸಣೆಗಾರನೊಬ್ಬ ಒಂದು ವಾರ ನನ್ನ ಪಕ್ಕದಲ್ಲೇ ಕುಳಿತು ಕೆಲಸ ನೋಡಿದ. ಹೊರಡುವ ದಿನ ಬ್ಯಾಗಿನಿಂದ ಒಂದು ಬಾಟಲಿ ತೆಗೆದುಕೊಟ್ಟ. ತನ್ನ ಊರಿನಲ್ಲಿ ಅಣ್ಣತಮ್ಮಂದಿರಿಬ್ಬರು ಸೇರಿ ಮಾಡುವ ಬಿಯರ್ ಅದು ಎಂದ. ಮುಚ್ಚಳ ತೆಗೆದರೆ ಬಾಳೆಹಣ್ಣಿನ ವಾಸನೆ, ಅದರ ಹಿಂದೆಯೇ ಲವಂಗ. ಲೇಬಲ್ಲಿನಲ್ಲಿ ಮಾತ್ರ ನೀರು, ಗೋಧಿ, ಬಾರ್ಲಿ, ಹಾಪ್ಸ್ ಹೂವು, ಯೀಸ್ಟ್ ಬಿಟ್ಟರೆ ಬೇರೇನೂ ಇರಲಿಲ್ಲ. ಹಾಕದ ವಾಸನೆ ಎಲ್ಲಿಂದ ಬಂತು ಎಂಬುದು ನನಗೆ ಬಿಡಿಸಲಾಗದ ಲೆಕ್ಕದಂತೆ ತಲೆಯಲ್ಲಿ ಉಳಿಯಿತು. ಇಂಟರ್ನೆಟ್ ಸೆಂಟರಿಗೆ ಹೋಗಿ ಓದಿದೆ. ಅದು ಯೀಸ್ಟಿನ ಕೆಲಸ ಎಂದು ತಿಳಿಯಿತು. ಹೀಗೆ ಸಣ್ಣ ಪ್ರಮಾಣದಲ್ಲಿ ಮಾಡುವುದಕ್ಕೆ ಕ್ರಾಫ್ಟ್ ಬಿಯರ್ ಎನ್ನುತ್ತಾರೆ ಎಂಬುದನ್ನೂ ಅಲ್ಲಿಯೇ ಮೊದಲು ಓದಿದ್ದು.

ಆಮೇಲೆ ಹೊರಗಿನಿಂದ ಬರುವವರಿಗೆಲ್ಲ ಇಂಥ ಬಿಯರ್ ತಂದುಕೊಡಿ ಎಂದು ಹೇಳಿಟ್ಟೆ. ಕೆಲವರು ತಂದುಕೊಟ್ಟರು. ಬಳ್ಳಾರಿಯ ಹೊಸ ಹೋಟೆಲುಗಳ ಫ್ರಿಜ್ಜಿನಲ್ಲೂ ಆಗ ಅಪರೂಪದ ಬಾಟಲಿಗಳು ಕಾಣಿಸುತ್ತಿದ್ದವು. ಒಂದೊಂದನ್ನು ಗೆಳೆಯರ ರೂಮಿನಲ್ಲಿ ನಿಧಾನವಾಗಿ ಕುಡಿದು, ಬಣ್ಣ, ವಾಸನೆ, ರುಚಿಯನ್ನು ಅದಿರಿನ ಮಾದರಿಗೆ ವರದಿ ಬರೆದಂತೆ ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ. ಖಾಲಿ ಬಾಟಲಿ ಎಸೆಯಲು ಮನಸ್ಸಾಗುತ್ತಿರಲಿಲ್ಲ.

ಹೋಟೆಲುಗಳ ಬಾಟಲಿಗಳೆಲ್ಲ ಕೊನೆಗೆ ಸೇರುತ್ತಿದ್ದುದು ಒಬ್ಬ ಸಾಬರ ಗುಜರಿ ಅಂಗಡಿಗೆ. ಹೊರದೇಶದ ಬಾಟಲಿಗಳು ಬಂದರೆ ತೆಗೆದಿಡಿ ಎಂದು ಕೇಳಿಕೊಂಡೆ.

"ನಾ ಇದನ್ನ ಬಾಯಿಗೆ ಮುಟ್ಟಿಸಂಗಿಲ್ಲ ಸಾರ್. ಆದ್ರ ಗಾಜು ನೋಡಿದ್ರ ನನಗ ಗೊತ್ತಾಗತೈತಿ," ಎಂದರು ಅವರು.

ನಿಜಕ್ಕೂ ಗೊತ್ತಾಗುತ್ತಿತ್ತು. ತಳ ದಪ್ಪಗಿರುವುದನ್ನೂ ಕುತ್ತಿಗೆಯಲ್ಲಿ ಅಚ್ಚು ಇರುವುದನ್ನೂ ಅವರೇ ಆರಿಸಿ, ಲೇಬಲ್ ಕೆಡದಂತೆ ಒಣಬಟ್ಟೆಯಲ್ಲಿ ಒರೆಸಿ ಬೇರೆ ಇಡುತ್ತಿದ್ದರು. ಫೋನು ಮಾಡಿ, "ಈ ವಾರ ಎರಡು ಬಂದಾವ್ರಿ. ಒಂದ್ರ ಮ್ಯಾಲ ಜಿಂಕಿ ಐತಿ," ಎನ್ನುತ್ತಿದ್ದರು.

ಮನೆಯಲ್ಲಿ ಹೆಂಡತಿಯ ಷರತ್ತು ಒಂದೇ: ತುಂಬಿದ ಬಾಟಲಿ ಒಳಗೆ ಬರಬಾರದು, ಖಾಲಿಯದು ಬರಬಹುದು. ಹಿಂದಿನ ಕೋಣೆಯ ಗೋಡೆಗೆ ಹಲಗೆ ಹೊಡೆಸಿ ಸಾಲಾಗಿ ಜೋಡಿಸಿದೆ. ಅವಳ ತಂದೆ ಸಿರುಗುಪ್ಪದಿಂದ ಬಂದಾಗಲೆಲ್ಲ ಅದಕ್ಕೆ ದುಪ್ಪಟಿ ಹೊದಿಸುತ್ತಿದ್ದಳು. ಮಾವ ಭತ್ತ ಬೆಳೆಯುವವರು, ದಿನಾ ಲಿಂಗಪೂಜೆ ಮಾಡುವವರು. ಚಹಾ ಕೂಡ ಕುಡಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಒದ್ದೆ ಪಂಚೆ ಹರವಲು ಜಾಗ ಹುಡುಕುತ್ತ ಆ ಕೋಣೆಗೆ ಹೋದವರು ದುಪ್ಪಟಿ ಎಳೆದರು. ನಾನು ಹೋಗಿ ನೋಡುವಷ್ಟರಲ್ಲಿ ಒಂದು ಬಾಟಲಿ ಅವರ ಕೈಯಲ್ಲಿತ್ತು.

"ಇವನ್ನೆಲ್ಲಾ ನೀವ ಕುಡಿದೀರೇನ್ರಿ ಅಳಿಯಂದ್ರ?"

"ಎಲ್ಲಾ ಅಲ್ರಿ ಮಾವಾರ. ಅರ್ಧಕ್ಕರ್ಧ ಖಾಲಿನ ತಂದಿದ್ದು."

ಅವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಲೇಬಲ್ಲಿನ ಚಿತ್ರದ ಮೇಲೆ ಬೆರಳಿಟ್ಟು, "ಇದ್ಯಾವ ತೆನಿ?" ಎಂದರು. ಬಾರ್ಲಿ ಎಂದೆ. ಅದನ್ನು ನೆನೆಹಾಕಿ, ಮೊಳಕೆ ಬರಿಸಿ, ಒಣಗಿಸಿ ಕುದಿಸುತ್ತಾರೆ. ಮೊಳಕೆ ಬಂದರೆ ಕಾಳಿನ ಹಿಟ್ಟು ಸಕ್ಕರೆಯಾಗುತ್ತದೆ ಎಂದು ಹೇಳಿದೆ. ಅವರು ತಲೆಯೆತ್ತಿದರು.

"ನಮ್ಮ ದೇಶನೂರಿನ ಹೊಲದಾಗ ಒಂದು ವರ್ಷ ಕೊಯ್ಲಿಗೆ ಮಳಿ ಹಿಡದು, ಭತ್ತ ತೆನಿ ಮ್ಯಾಲ ಮೊಳಕಿ ಒಡೀತು. ಬಾಯಾಗ ಹಾಕ್ಕೊಂಡ್ರ ಸೀ ಇತ್ತು. ಯಾಕಂತ ಇಷ್ಟು ವರ್ಷ ತಿಳಿದಿರ್ಲಿಲ್ಲ ನೋಡ್ರಿ."

ಬಾಟಲಿಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು. "ಬಿಡ್ರಿ ಅಂತ ನಾ ಹೇಳಂಗಿಲ್ಲ. ನನ್ನ ಮಗಳು ತಲಿ ತಗ್ಗಸೋ ಹಂಗ ಮಾಡಬ್ಯಾಡ್ರಿ, ಅಷ್ಟ," ಎಂದರು. ಅಂದಿನಿಂದ ಹೆಂಡತಿ ದುಪ್ಪಟಿ ಹೊದಿಸುವುದನ್ನು ಬಿಟ್ಟಳು.

ಗಣಿಗಳು ನಿಂತ ಮೇಲೆ ಪ್ರಯೋಗಾಲಯಕ್ಕೆ ಮಾದರಿಗಳು ಬರುವುದು ಕಡಿಮೆಯಾಗಿ, ಒಂದು ದಿನ ಬೀಗ ಬಿತ್ತು. ಹೊರಗಿನವರು ಬರಲಿಲ್ಲ, ಹೋಟೆಲುಗಳ ಫ್ರಿಜ್ಜುಗಳು ಮೊದಲಿನಂತಾದವು. ನನಗೆ ದುಃಖವಾಯಿತೆನ್ನಲಾರೆ. ಒಂದು ಕಾಲ ಮುಗಿಯಿತು ಅನ್ನಿಸಿತು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಅಕ್ಕಿಯ ತೇವ, ನುಚ್ಚಿನ ಪ್ರಮಾಣ ನೋಡುವ ಕೆಲಸ ಸಿಕ್ಕಿತು.

ಮನೆ ಬದಲಿಸುವ ದಿನ ಮಾವ ಟ್ರ್ಯಾಕ್ಟರು ತಂದರು. ಟ್ರೇಲರಿನ ತುಂಬ ಭತ್ತದ ಹುಲ್ಲು ಹಾಸಿದ್ದರು. ಬಾಟಲಿಗಳನ್ನು ನನ್ನ ಕೈಯಿಂದ ಒಂದೊಂದಾಗಿ ಇಸಿದುಕೊಂಡು, ಹುಲ್ಲು ಸುತ್ತಿ ಅವರೇ ಇಟ್ಟರು. ತೆಕ್ಕಲಕೋಟೆಯ ಹತ್ತಿರ ರಸ್ತೆ ಕೆಟ್ಟಿದ್ದರಿಂದ ಎರಡು ಒಡೆದವು. ಸಿರುಗುಪ್ಪದಲ್ಲಿ ಇಳಿಸುವಾಗ ಪಕ್ಕದ ಮನೆಯವರೊಬ್ಬರು ಬಂದು, ಇವೇನು ಎಂದು ಕೇಳಿದರು.

"ಅಳಿಯಂದ್ರ ಲ್ಯಾಬಿನ ಸಾಮಾನು," ಎಂದರು ಮಾವ, ಹುಲ್ಲು ಬಿಡಿಸುತ್ತಲೇ.

ನಾನು ತಿದ್ದಲು ಹೋಗಲಿಲ್ಲ.