ಹುಣಸೆಹಣ್ಣಿನಲ್ಲಿ ತೊಳೆದ ವಿಜ್ಞಾನ

ಕಳೆದ ಗುರುವಾರ ನಮ್ಮಮ್ಮ ವಿಜ್ಞಾನಕ್ಕೆ ಹುಣಸೆಹಣ್ಣು ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ, ಸ್ವಚ್ಛವಾಗಿ ತೊಳೆದಿಟ್ಟರು.

ನಗಬೇಡಿ. ನಾನೂ ನಗಲಿಲ್ಲ. (ಆಮೇಲೆ ನಕ್ಕೆ. ಅದು ಬೇರೆ ವಿಷಯ.)

ನಡೆದದ್ದು ಪರದೇಶದಲ್ಲಿ, ಸೌತ್ ಬಿ ಎಂಬ ಬಡಾವಣೆಯಲ್ಲಿರುವ ನಮ್ಮಕ್ಕ ವೀಣಾಳ ಫ್ಲಾಟ್‌ನಲ್ಲಿ. ಅಕ್ಕ ಇಲ್ಲಿ ಕೆಮಿಸ್ಟ್ರಿ ಲೆಕ್ಚರರ್. ನಾನು ಇದೇ ಊರಿನ ಕಿಲಿಮಾನಿಯ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕುಟ್ಟುವವನು. ಹಬ್ಬದೂಟದ ವಾಸನೆ ಹಿಡಿದು ಬುಧವಾರವೇ ಲ್ಯಾಪ್‌ಟಾಪ್ ಸಮೇತ ಅಕ್ಕನ ಮನೆಗೆ ಬಂದು ಬಿದ್ದಿದ್ದೆ. ಅಮ್ಮ ಮೈಸೂರಿನಿಂದ ಮಗಳ ಮನೆ ನೋಡಲು ಬಂದವರು, ನೋಡಿ ಮುಗಿಸಿ ಈಗ ತಿದ್ದಲು ಶುರು ಮಾಡಿದ್ದಾರೆ.

ಅಕ್ಕನ ಅಡುಗೆಮನೆಯ ಮೂಲೆಯಲ್ಲಿ ನಲ್ಲಿ ಕೂರಿಸಿದ ಒಂದು ನೀಲಿ ಡ್ರಮ್ಮಿದೆ. ಒಳಗೆ ಮರಳು. ಮರಳಿನ ಮೇಲೆ ಕಬ್ಬಿಣದ ನ್ಯಾನೋ ಕಣಗಳ ಲೇಪ. ನ್ಯಾನೋ ಅಂದರೆ ತಲೆಗೂದಲನ್ನು ಸಾವಿರಾರು ಸಲ ಉದ್ದುದ್ದ ಸೀಳಿದರೆ ಉಳಿಯುವಷ್ಟು ತೆಳು. ಅಕ್ಕ ಇದನ್ನು ವಿವರಿಸುವ ಶೈಲಿಯೇ ಬೇರೆ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಗಾಳಿಯಲ್ಲಿ ಉಪ್ಪು ಚಿಟಿಕೆ ಹಿಡಿದ ಹಾಗೆ ಬೆರಳಿಟ್ಟು, "ಕಣ ಚಿಕ್ಕದಾದಷ್ಟೂ ಮೈ ಜಾಸ್ತಿ. ಮೈ ಜಾಸ್ತಿ ಆದಷ್ಟೂ ವಿಷ ಅಂಟ್ಕೊಳ್ಳೋಕೆ ಜಾಗ ಜಾಸ್ತಿ, ರೈಟ್?" ಎನ್ನುತ್ತಾಳೆ. ಈ 'ರೈಟ್' ಅನ್ನು ನಾನು ಅವಳಿಗಿಂತ ಚೆನ್ನಾಗಿ ಹೇಳುತ್ತೇನೆ. ಅವಳ ಸ್ಟೂಡೆಂಟ್‌ಗಳೇ ಸರ್ಟಿಫಿಕೇಟ್ ಕೊಟ್ಟಿದ್ದಾರೆ.

ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಹುಟ್ಟಿದಾಗಿನಿಂದ ಅದನ್ನೇ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಅಕ್ಕನ ಮನೆ ಹತ್ತಿರದ ಪ್ರೈಮರಿ ಶಾಲೆಯಲ್ಲಿ ಕ್ಲಾಸ್ ಫೋಟೋ ತೆಗೆಯುವಾಗ 'ನಗಿ' ಎಂದರೆ ಸಾಲಿಗೆ ಸಾಲೇ ತುಟಿ ಬಿಗಿಯುತ್ತದಂತೆ. ಅಲ್ಲಿನ ಹೆಡ್‌ಮೇಡಂ ಆ ಫೋಟೋ ತೋರಿಸಿದ ದಿನದಿಂದ ಅಕ್ಕನಿಗೆ ಒಂದೇ ಹಟ, ಈ ಡ್ರಮ್ಮು ಆ ಶಾಲೆಗೆ ಹೋಗಬೇಕು. ಮನೆಯಲ್ಲಿ ವರ್ಷವಿಡೀ ಓಡಿಸಿ ನೋಡಿಯಾಗಿತ್ತು. ಹೆಡ್‌ಮೇಡಂ ಮನೆಗೇ ಬಂದು, ಕಣ್ಣಾರೆ ನೀರು ಹಿಡಿದು, ಹೊರಗೆ ಪರೀಕ್ಷೆ ಮಾಡಿಸಿ, ಸರಿ ಕಂಡರೆ ಒಪ್ಪುವುದು ಎಂದು ಮಾತಾಗಿತ್ತು.

ಯಾವತ್ತು ಬರುವುದು? ಶುಕ್ರವಾರ. ಶುಕ್ರವಾರ ಏನು? ವರಮಹಾಲಕ್ಷ್ಮಿ ಹಬ್ಬ. ಅಕ್ಕನೇ, "ಅರಿಶಿನ ಕುಂಕುಮಕ್ಕೂ ಬನ್ನಿ" ಎಂದು ಕರೆದಿದ್ದಳು. ಒಂದೇ ಕಲ್ಲಿಗೆ ಎರಡು ಮಾವು ಹೊಡೆಯುವ ಆಸೆ.

ಹಬ್ಬದ ಹಿಂದಿನ ದಿನ ನಮ್ಮ ಮನೆಗಳಲ್ಲಿ ಏನಾಗುತ್ತದೆಂದು ನಿಮಗೆ ಗೊತ್ತಲ್ಲ. ಮನೆಯಲ್ಲಿರುವ ಪ್ರತಿಯೊಂದು ವಸ್ತುವೂ ಹುಣಸೆಹಣ್ಣಿನ ಮುಂದೆ ಶರಣಾಗಲೇಬೇಕು. ದೀಪ, ಕಳಶ, ತಟ್ಟೆ, ಗಂಟೆ. ನಾನು ಹಾಲ್‌ನಲ್ಲಿ ಆಫೀಸ್ ಮೀಟಿಂಗ್‌ನಲ್ಲಿದ್ದೆ. ಅಡುಗೆಮನೆಯಿಂದ ಕರಕರ ಸದ್ದು. ಹಿತ್ತಾಳೆಯ ಸದ್ದು ಹೀಗಿರುವುದಿಲ್ಲವಲ್ಲ ಎನಿಸಿತು. ಎದ್ದು ಹೋದೆ.

ಡ್ರಮ್ಮಿನ ಮುಚ್ಚಳ ತೆಗೆದಿದೆ. ನೆಲದ ಮೇಲೆ ಅಗಲವಾದ ಟಬ್ಬು. ಅದರಲ್ಲಿ ಅಕ್ಕನ ವರ್ಷದ ತಪಸ್ಸು ಬೆಳ್ಳಗೆ ಹೊಳೆಯುತ್ತಿದೆ.

"ಅಮ್ಮಾ! ಇದೇನ್ ಮಾಡ್ದೆ?"

"ಏನ್ ಮಾಡ್ದೆ? ನಿಮ್ಮಕ್ಕ ಮಾಡ್ಬೇಕಾದ್ದು ಮಾಡ್ದೆ. ಒಳಗೆ ನೋಡಿದ್ಯಾ? ತುಕ್ಕು ಕಣೋ, ತುಕ್ಕು! ಹಬ್ಬದ ದಿನ ಮನೆಗೆ ಬರೋ ಮುತ್ತೈದೆಗೆ ಈ ನೀರು ಕೊಡ್ತಾಳಂತೆ. ಓದಿದ್ದು ಜಾಸ್ತಿ ಆಯ್ತು."

"ಅದು ತುಕ್ಕಲ್ಲಮ್ಮ, ಅದೇ ಔಷಧಿ!"

"ಔಷಧಿ ಅಂತೆ. ಕೈಗೆಲ್ಲ ಹೆಂಗ್ ಅಂಟ್ತು ಗೊತ್ತಾ?"

ಅಂಟುವುದೇ ಅದರ ಉದ್ಯೋಗ ಎಂದು ವಾದಿಸಲು ಹೊತ್ತಿರಲಿಲ್ಲ. ಕಾಲೇಜಿನಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. ಆಮೇಲೆ ಅವಳು ಕೇಳಿದ್ದು ಮರಳಿನ ವಿಷಯವಲ್ಲ.

"ಲೋ, ತೊಳೆದ ನೀರೆಲ್ಲಿ?"

ಈ ಪ್ರಶ್ನೆಯ ತೂಕ ಆಗ ನನಗೆ ಹೊಳೆಯಲಿಲ್ಲ. ಅವಳೇ ಕಿರುಚಿದಳು, "ವರ್ಷದಿಂದ ಹಿಡಿದಿಟ್ಟ ಫ್ಲೋರೈಡೆಲ್ಲ ಅದರಲ್ಲಿದೆ ಕಣೋ! ಎಲ್ಲಿ ಚೆಲ್ಲಿದ್ರು ಕೇಳು!"

ತಿರುಗಿ ನೋಡಿದರೆ ಅಮ್ಮ ಇಲ್ಲ. ಬಕೆಟ್ಟೂ ಇಲ್ಲ.

ನಮ್ಮಮ್ಮ ನೀರು ಚೆಲ್ಲುವ ಪೈಕಿಯಲ್ಲ. ಅಕ್ಕಿ ತೊಳೆದ ನೀರು ಕರಿಬೇವಿಗೆ, ತರಕಾರಿ ತೊಳೆದ ನೀರು ದೊಡ್ಡಪತ್ರೆಗೆ. ಅಪಾರ್ಟ್‌ಮೆಂಟ್ ಹಿಂದೆ ಎಲ್ಲ ಮನೆಯವರೂ ಸೇರಿ ಬೆಳೆಯುವ ಸೊಪ್ಪಿನ ಪಾತಿ ಇದೆ. ಮೆಂತ್ಯ, ಕೊತ್ತಂಬರಿ, ಇಲ್ಲಿಯವರ ಸುಕುಮಾ ಸೊಪ್ಪು. ಇಡೀ ಬಿಲ್ಡಿಂಗಿನ ಪಲ್ಯ ಅಲ್ಲಿಂದಲೇ. ಹೆಡ್‌ಫೋನ್ ಕೊರಳಲ್ಲೇ ನೇತಾಡಿಸಿಕೊಂಡು ಮೆಟ್ಟಿಲಿಳಿದು ಓಡಿದೆ. (ಮೀಟಿಂಗ್‌ನಲ್ಲಿದ್ದವರಿಗೆ ನನ್ನ ಏದುಸಿರು ಪೂರ್ತಿ ಕೇಳಿಸಿತಂತೆ. ಬಾಸ್ ಈಗ ಅದನ್ನು ಮಿಮಿಕ್ರಿ ಮಾಡುತ್ತಿದ್ದಾರೆ. ಚೆನ್ನಾಗಿ ಮಾಡುತ್ತಾರೆ, ಅದೇ ಬೇಸರ.)

ಅಮ್ಮ ಪಾತಿಯ ಪಕ್ಕದಲ್ಲೇ ನಿಂತಿದ್ದರು. ಬಕೆಟ್ ಕೆಳಗೆ. ಮಗ್ಗು ಕೈಯಲ್ಲಿ. ಮಗ್ಗಿನಲ್ಲಿ ಕಂದು ನೀರು. ಎದುರಿಗೆ ನಮ್ಮ ಗೇಟಿನ ಕಾವಲುಗಾರರೊಬ್ಬರು. ಅಮ್ಮ ಕನ್ನಡದಲ್ಲಿ ತಮ್ಮ ಸೊಂಟನೋವಿನ ಇತಿಹಾಸ ಹೇಳುತ್ತಿದ್ದಾರೆ. ಅವರು ಪ್ರತಿ ವಾಕ್ಯಕ್ಕೂ "ಸವಾ, ಮಾಮಾ, ಸವಾ" ಎಂದು ತಲೆದೂಗುತ್ತಿದ್ದಾರೆ. ('ಸವಾ' ಅಂದರೆ ಇಲ್ಲಿಯ ಭಾಷೆಯಲ್ಲಿ 'ಸರಿ'. ಹಿರಿಯ ಹೆಂಗಸರನ್ನು 'ಮಾಮಾ' ಎನ್ನುತ್ತಾರೆ. ಮೊದಲ ವಾರ ಅಮ್ಮ ಇದಕ್ಕೆ ಬೆಚ್ಚಿಬಿದ್ದಿದ್ದರು. ಈಗ ಒಗ್ಗಿದ್ದಾರೆ.)

"ಹಾಕಿದ್ಯಾ? ಒಂದು ಮಗ್ಗಾದರೂ ಹಾಕಿದ್ಯಾ?"

"ಎಲ್ಲಿ ಹಾಕ್ಲಿ? ಈಯಪ್ಪ ಮಾತಾಡ್ಸ್ತಾ ಇದ್ದಾರಲ್ಲ, ಮಧ್ಯದಲ್ಲಿ ಬಿಟ್ಟು ಹೋಗಕ್ಕಾಗತ್ತಾ?"

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತೆ. ಜೀವನದಲ್ಲಿ ಅಮ್ಮನ ಹರಟೆಗೆ ಕೈಮುಗಿಯುತ್ತೇನೆಂದು ನೆನೆಸಿರಲಿಲ್ಲ.

ಅಕ್ಕ ಟ್ಯಾಕ್ಸಿ ಹಿಡಿದು ಬಂದಳು. ಕೈಯಲ್ಲಿ ಲ್ಯಾಬಿನ ದಪ್ಪ ಅಯಸ್ಕಾಂತ. ಅದನ್ನು ಬಕೆಟ್ಟಿನ ಹೊರಮೈಗೆ ಒತ್ತಿ ಹಿಡಿದಳು. ನೀರಿನೊಳಗಿನ ಕಂದು ಮೋಡ ನಿಧಾನವಾಗಿ ಒಂದೇ ಕಡೆಗೆ ಸರಿದು ಗೋಡೆಗೆ ಅಂಟಿಕೊಂಡಿತು. ಕಾವಲುಗಾರರು ಬಾಯಿ ಬಿಟ್ಟು ನೋಡಿದರು. ಅಮ್ಮನೂ ನೋಡಿದರು, ಆದರೆ ಬಾಯಿ ಬಿಡಲಿಲ್ಲ. ಆ ಕೆಸರನ್ನು ಬಾಟಲಿಗೂ ಮೇಲಿನ ನೀರನ್ನು ಕ್ಯಾನಿಗೂ ತುಂಬಿ ಅಕ್ಕ ಲ್ಯಾಬಿಗೆ ಸಾಗಿಸಿದಳು. ಹುಳಿ ಬಿದ್ದ ಮೇಲೆ ಅಂಟಿದ್ದೆಲ್ಲ ಎಷ್ಟು ಬಿಟ್ಟಿದೆಯೋ, ತಿಳಿನೀರನ್ನೂ ನಂಬುವ ಹಾಗಿಲ್ಲವಂತೆ.

ಸೊಪ್ಪು ಉಳಿಯಿತು. ಶುಕ್ರವಾರ?

ನಾನು ಮೆಲ್ಲಗೆ ಹೇಳಿದೆ, "ಲ್ಯಾಬಲ್ಲಿ ಹೊಸ ಮರಳು ಇದೆಯಲ್ಲ, ತಂದು ತುಂಬಿಸಿಬಿಡು. ಯಾರಿಗೆ ಗೊತ್ತಾಗತ್ತೆ?"

ಅಕ್ಕ ಕನ್ನಡಕ ಇಳಿಸಿದಳು. "ಹೊಸದು ಪಾಸಾಗತ್ತೆ ಅಂತ ನಂಗೂ ಗೊತ್ತು. ಅವರು ನೋಡೋಕೆ ಬರ್ತಿರೋದು ಮನೇಲಿ ಬಳಸಿದ ಫಿಲ್ಟರು. ಬಳಕೆ ಅಂದ್ರೆ ಅಮ್ಮನೂ ಸೇರಿದ್ದು."

"ನನ್ ತಲೆಗೆ ಕಟ್ಟಬೇಡ ಕಣೇ," ಎಂದರು ಅಮ್ಮ. ದನಿ ಮಾತ್ರ ತಗ್ಗಿತ್ತು. ಆಗಲೇ ಒಂದು ಸತ್ಯವೂ ಹೊರಬಿತ್ತು. ಅರ್ಧ ಮರಳು ತಿಕ್ಕುವಷ್ಟರಲ್ಲಿ ಅಮ್ಮನ ಸೊಂಟ ಹಿಡಿದುಕೊಂಡಿತ್ತು. ಡ್ರಮ್ಮಿನ ತಳದ ಅರ್ಧ ಹಾಗೇ ಇದೆ, ತುಕ್ಕು ತುಕ್ಕಾಗಿ, ದಿವ್ಯವಾಗಿ!

ತೊಳೆದ ಮರಳನ್ನು ಚೆನ್ನಾಗಿ ಜಾಲಿಸಿ ವಾಪಸ್ ಹಾಕಿದೆವು. ಬೆಳಿಗ್ಗೆ ಅಕ್ಕ ಮೀಟರ್ ಹಿಡಿದು ನೀರಿನ ಮುಂದೆ ಕುಳಿತಳು. ಒಬ್ಬಟ್ಟಿನ ಹೂರಣ ಒಲೆಯ ಮೇಲೆ, ನಮ್ಮ ಜೀವ ಮೀಟರ್ ಮೇಲೆ. ಫ್ಲೋರೈಡ್ ಮೊದಲಿಗಿಂತ ಏರಿತ್ತು. ಆದರೆ ಮಿತಿಯ ಒಳಗೇ ನಿಂತಿತ್ತು. ಅಕ್ಕ ಅಮ್ಮನ ಸೆರಗಿನಿಂದ ಮುಖ ಒರೆಸಿಕೊಂಡಳು.

ಸಂಜೆ ಹೆಡ್‌ಮೇಡಂ ಬಂದರು. ಎತ್ತರದ ಆಳು, ಗಂಟೆ ಬಾರಿಸಿದಂಥ ಸ್ವರ. ಅಕ್ಕ ಕುಂಕುಮ ಕೊಡುವ ಮೊದಲೇ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ನಾನು ಕಣ್ಣು ಮುಚ್ಚಿಕೊಂಡೆ.

ಅವರು ಅಮ್ಮನ ಕಡೆ ತಿರುಗಿ ಗಂಭೀರವಾಗಿ ಕೇಳಿದರು, "ಮಾಮಾ, ಯಾಕೆ ತೊಳೆದಿರಿ?"

ನಾನು ಅನುವಾದಿಸಿದೆ. "ಕೊಳೆಯಾಗಿತ್ತು," ಎಂದರು ಅಮ್ಮ, ಚಿಕ್ಕದಾಗಿ.

ಹೆಡ್‌ಮೇಡಂ ನಕ್ಕ ನಗೆಗೆ ಕಳಶದ ತೆಂಗಿನಕಾಯಿ ಅಲ್ಲಾಡಿತು. "ನನ್ನ ಶಾಲೆಯ ಅಡುಗೆಯವರೂ ಮೊದಲ ವಾರವೇ ತೊಳೆಯುತ್ತಾರೆ. ಅದನ್ನೇ ಯೋಚಿಸುತ್ತಾ ಬಂದೆ. ತೊಳೆದರೂ ನೀರು ಕೆಡಲಿಲ್ಲ ಅನ್ನುತ್ತೀರಿ. ಹೊರಗಿನ ಪರೀಕ್ಷೆಯೂ ಹಾಗೇ ಹೇಳಿದರೆ, ಮುಚ್ಚಳ ತೆಗೆಯಲಾಗದ ಹಾಗೆ ಮಾಡಿ ಕಳಿಸಿ. ಹಳೆಯ ಮರಳನ್ನು ನೀವೇ ವಾಪಸ್ ಒಯ್ಯಬೇಕು, ಅದೂ ಮಾತಿನಲ್ಲಿ ಸೇರಲಿ."

ನೀರು ಹಿಡಿದುಕೊಂಡು, ಒಬ್ಬಟ್ಟು ಕಟ್ಟಿಸಿಕೊಂಡು ಹೋದರು. ಈ ಬುಧವಾರ ವರದಿ ಬಂತು. ಪಾಸ್! ಮುಂದಿನ ಟರ್ಮ್‌ಗೆ ಡ್ರಮ್ಮು ಶಾಲೆಗೆ. ಫೋನ್ ಇಟ್ಟ ಅಕ್ಕ ಅಡುಗೆಮನೆಯ ನೆಲದ ಮೇಲೇ ಕಾಲು ಚಾಚಿ ಕುಳಿತು ನಕ್ಕಳು.

"ಮುಚ್ಚಳಕ್ಕೆ ಸೀಲ್ ಹಾಕಿದ್ರೆ ಒಳಗಿನ ಕೊಳೆ ಹೋಗತ್ತಾ?" ಎಂದು ಅಮ್ಮ ಇನ್ನೂ ಕೇಳುತ್ತಿದ್ದಾರೆ.

ಇಷ್ಟು ಚಿಕ್ಕ ಕಣಕ್ಕೆ ಇಷ್ಟು ದೊಡ್ಡ ಬುದ್ಧಿ ಕಲಿಸಿದ ವಿಜ್ಞಾನಿಗಳಲ್ಲಿ ನನ್ನದೊಂದೇ ಪ್ರಶ್ನೆ: ನೀವು ಹೇಳಿದ ಸೂಚನೆಯನ್ನು ಇದ್ದದ್ದು ಇದ್ದ ಹಾಗೇ ಪಾಲಿಸುವ ಮನೆಯೊಂದನ್ನು ಇದುವರೆಗೆ ಎಲ್ಲಾದರೂ ಕಂಡಿದ್ದೀರಾ?