ಮೂರು ದಿನದ ಸಹಿ

ಈರಪ್ಪನ ಹೆಗಲ ಮೇಲೆ ಯಾವಾಗಲೂ ಒಂದು ಒದ್ದೆ ಬಟ್ಟೆ ಇರುತ್ತಿತ್ತು. ಹುನಗುಂದ ಕ್ರಾಸಿನ ಚಹಾದಂಗಡಿ ಮುಂದೆ ಆಸಿಡ್ ಟ್ಯಾಂಕರೋ ಗ್ಯಾಸ್ ಟ್ಯಾಂಕರೋ ನಿಂತರೆ ಚಹಾ ಕೆಳಗಿಟ್ಟು ಎದ್ದು ಹೋಗುತ್ತಿದ್ದ. ಟ್ಯಾಂಕಿನ ಹಿಂದಿನ ಫಲಕದಲ್ಲಿ ಒಳಗಿರುವ ಸರಕಿನ ಸಂಖ್ಯೆ, ಅಪಘಾತವಾದರೆ ಕರೆ ಮಾಡಬೇಕಾದ ಫೋನ್ ನಂಬರ್ ಇರುತ್ತವೆ. ನಮ್ಮ ಕಡೆಯ ಡ್ರೈವರುಗಳು ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುವಾಗ ಆ ಫಲಕಕ್ಕೇ ದಪ್ಪಗೆ ವಿಭೂತಿ ಬಳಿದು ಕುಂಕುಮ ಇಡುತ್ತಾರೆ. ಈರಪ್ಪ ಅದನ್ನು ಒರೆಸುತ್ತಿದ್ದ.

ಅವನೂ ಟ್ಯಾಂಕರ್ ಡ್ರೈವರನೇ. ಉಳಿದವರು ಅವನನ್ನು ಬಿಡುತ್ತಿರಲಿಲ್ಲ.

“ಲೇ ಈರ್ಯಾ, ನೀ ಹಣಿಮ್ಯಾಲೆ ಮೂರು ಗೆರಿ ಎಳ್ಕೊಂಡು ನಮ್ಮ ಗಾಡಿದು ಅಳಸ್ತಿಯೇನಲೇ?”

“ನನ್ನ ಹಣಿ ನೋಡಿ ಯಾರೂ ಫೋನ್ ಹಚ್ಚಂಗಿಲ್ಲ. ಬಂಪರಿಗೆ ಹಚ್ಚಲೇ, ದೇವರು ಅಲ್ಲಿಗೂ ಬರ್ತಾನ.”

ನಾನು ಬಾಗಲಕೋಟೆಯ ಪತ್ರಿಕೆಯೊಂದರ ವರದಿಗಾರ. ಹೆದ್ದಾರಿಯಲ್ಲಿ ಗ್ರಾನೈಟ್ ಲಾರಿ ಮಗುಚಿದ ಸುದ್ದಿಗೆ ಹೋದಾಗ ಈರಪ್ಪನ ಪರಿಚಯವಾಯಿತು. ಒಂದು ಮಧ್ಯಾಹ್ನ ಅದೇ ಚಹಾದಂಗಡಿಯ ಬೆಂಚಿನ ಮೇಲೆ ಕೂತು ತನ್ನ ಕತೆ ಹೇಳಿದ. ಹಿಂದೊಮ್ಮೆ ಇಳಕಲ್ ಸಮೀಪ ಅವನ ಆಸಿಡ್ ಟ್ಯಾಂಕರ್ ಪಲ್ಟಿಯಾಗಿತ್ತು. ಅವನು ಕ್ಯಾಬಿನ್ನಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ಹೊಗೆ ಕಂಡ ಜನ ಬೆಂಕಿ ಎಂದುಕೊಂಡು ಕೊಡಗಳಲ್ಲಿ ನೀರು ತಂದು ಸುರಿದರು. ಆಸಿಡ್ ಸಿಡಿಯಿತು. ಬೈಕ್ ನಿಲ್ಲಿಸಿ ನೆರವಿಗೆ ಬಂದಿದ್ದ ಒಬ್ಬ ನೇಕಾರನ ಎರಡೂ ಕಣ್ಣು ಹೋದವು.

“ಎಲ್ಲಾರ ಕೈಯಾಗೂ ಮೊಬೈಲ್ ಇತ್ರಿ. ನಂಬರ್ ಮಾತ್ರ ವಿಭೂತಿ ಕೆಳಗಿತ್ತು. ಹಚ್ಚಿದಾಂವ ನಾನ. ಆ ನಂಬರ್ ಯಾಕ ಬರದಾರ ಅಂತ ನನಗ ಯಾರೂ ಹೇಳಿರಲಿಲ್ಲ.”

ಹೇಳಬೇಕಿತ್ತು. ಇಂಥ ಸರಕು ಸಾಗಿಸುವ ಅನುಮತಿ ಲೈಸೆನ್ಸಿನಲ್ಲಿ ಬರಬೇಕಾದರೆ ಮೂರು ದಿನದ ತರಬೇತಿ ಕಡ್ಡಾಯ. ನಿಯಮ ಕೇಂದ್ರದ್ದು, ಜಾರಿ ರಾಜ್ಯದ್ದು. ಈರಪ್ಪನ ಅನುಮತಿಯ ಅವಧಿ ಮುಗಿದು ಮತ್ತೆ ತರಬೇತಿಗೆ ಹೋಗಬೇಕಾದಾಗ ಅವನು ಒಂದು ನೋಟ್‌ಬುಕ್ ಕೊಂಡ. ಈ ಸಲವಾದರೂ ಕಲಿಯಬೇಕೆಂಬ ಹಟ. ತರಬೇತಿ ಕೇಂದ್ರದ ಗುಮಾಸ್ತ ಹಾಜರಿ ಪುಸ್ತಕ ಮುಂದಿಟ್ಟು ಮೂರು ಕಡೆ ಬೆರಳು ತೋರಿಸಿದ. ಇವನು ಎಲ್ಲರ ಹಾಗೆ ಮೂರು ಸಹಿ ಹಾಕಿದ.

“ನಾಳೆ ಎಷ್ಟಕ್ಕ ಬರ್ಲಿರಿ?”

“ನಾಳೆ ಯಾಕ ಬರ್ತಿ? ನಾಳೆನೂ ಬಂದಿ, ನಾಡಿದ್ದೂ ಬಂದಿ. ಸರ್ಟಿಫಿಕೇಟ್ ತಗೊಂಡು ಹೋಗು.”

ಮರುದಿನವೂ ಅದರ ಮರುದಿನವೂ ಈರಪ್ಪ ಹೋದ. ಬಾಗಿಲಿಗೆ ಬೀಗವಿತ್ತು.

ತರಬೇತಿ ನಿಜವಾಗಿ ನಡೆಯಲಿ ಎಂದು ಅರ್ಜಿ ಬರೆದ. ರಾಜ್ಯದ ಕಚೇರಿಯವರು ನಿಯಮ ಕೇಂದ್ರದ್ದು ಎಂದರು. ಕೇಂದ್ರಕ್ಕೆ ಬರೆದರೆ ಜಾರಿ ರಾಜ್ಯದ ಹೊಣೆ ಎಂಬ ಉತ್ತರ ಬಂತು. “ಆಸಿಡ್‌ಗೆ ಈ ಭೇದ ಗೊತ್ತಿಲ್ರಿ,” ಎಂದು ನನ್ನೆದುರು ನಕ್ಕಿದ್ದ. ಕಲಿಯದೆ ಟ್ಯಾಂಕರ್ ಏರುವುದಿಲ್ಲವೆಂದು ಆ ತಿಂಗಳುಗಳಲ್ಲಿ ಅವನು ಗಾಡಿ ಹತ್ತಲಿಲ್ಲ.

ಕೊನೆಯ ಬಾರಿ ಅವನು ವಿದ್ಯಾಗಿರಿಯ ನಮ್ಮ ಕಚೇರಿಗೆ ಬಂದ. ಕೈಯಲ್ಲಿ ರಾಜ್ಯದ ಕಚೇರಿಯ ಅಂತಿಮ ಉತ್ತರವಿತ್ತು: ತರಬೇತಿ ನಿಯಮಾನುಸಾರ ನಡೆದಿದೆ, ಅರ್ಜಿದಾರರೇ ಮೂರೂ ದಿನ ಹಾಜರಿದ್ದರು, ಹಾಜರಿ ಪುಸ್ತಕದ ಪ್ರತಿ ಲಗತ್ತಿಸಿದೆ.

“ಸಹಿ ನಂದ ಐತ್ರಿ,” ಎಂದ.

ಅವನ ಹಾಗೆಯೇ ಸಹಿ ಹಾಕಿದ ಡ್ರೈವರುಗಳು ಯಾರಾದರೂ ಬಾಯಿಬಿಡುತ್ತಾರೆಯೇ ಎಂದು ಕೇಳಿದೆ.

“ಅವರು ಗಾಡಿ ಹೊಡ್ಯಾಕತ್ತಾರ್ರಿ. ಯಾಕ ಹೇಳ್ತಾರ?”

ಎರಡನೆಯ ಸಾಕ್ಷಿಯಿಲ್ಲದೆ, ದಾಖಲೆಗೆ ವಿರುದ್ಧವಾಗಿ ಪ್ರಕಟಿಸಲಾಗದು ಎಂದೆ. ನಾನು ಹೇಳಿದ್ದು ಸರಿಯಾಗಿತ್ತು. ಅವನು ತಲೆಯಾಡಿಸಿದ.

“ಹಂಗಾರ ನಾ ಕಲ್ತೇನಿ ಅಂತಾತು. ಸೋಮವಾರ ಟ್ಯಾಂಕರ್ ಏರ್ತೇನಿ, ಮನಿ ನಡೀಬೇಕಲ್ರಿ. ಒಂದ ಮಾತು ಸರ, ನೀವು ಓದಿದವರು. ನೀರು ಹಾಕಬಾರದು ಅಂತ ಗೊತ್ತಾತು. ಮತ್ತ ಏನ್ ಮಾಡಬೇಕ್ರಿ?”

ನನಗೂ ಗೊತ್ತಿರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ.

ಬೇರೆ ಸುದ್ದಿಗಳ ನಡುವೆ ನಾನು ಅಗ್ನಿಶಾಮಕ ಠಾಣೆಯವರನ್ನು ವಿಚಾರಿಸಿದ್ದು ಆ ಸೋಮವಾರ ಕಳೆದ ಮೇಲೆ, ಬುಧವಾರ. ಜನರನ್ನು ಗಾಳಿ ಬರುವ ದಿಕ್ಕಿಗೆ ದೂರ ಕಳಿಸಬೇಕು, ಹರಿಯುವ ಆಸಿಡ್ಡಿಗೆ ಒಣ ಮರಳಿನ ಒಡ್ಡು ಹಾಕಬೇಕು. ಹೇಳಲು ಅರ್ಧ ನಿಮಿಷ ಸಾಕು. ಈರಪ್ಪನ ಫೋನ್ ಸ್ವಿಚ್ ಆಫ್ ಆಗಿತ್ತು. ಇಂದಿಗೂ ಹಾಗೇ ಇದೆ.