ತಟ್ಟಿ ನೋಡದ ಅಂಚು

ನನ್ನ ತಮ್ಮ ಗೋಡೆ ಹಾರುತ್ತಾನೆ. ಕಳ್ಳತನಕ್ಕಲ್ಲ. ಅದಕ್ಕೆ ಪಾರ್ಕೂರ್ ಅನ್ನುತ್ತಾರಂತೆ. ಕಟ್ಟೆಯಿಂದ ಕಟ್ಟೆಗೆ, ಗೋಡೆಯಿಂದ ಗೋಡೆಗೆ, ತನ್ನ ಕೈಕಾಲು ಬಿಟ್ಟರೆ ಬೇರೇನನ್ನೂ ನೆಚ್ಚದೆ ಓಡುವುದು, ಹಾರುವುದು, ಇಳಿಯುವುದು. ಮೊಬೈಲಿನಲ್ಲಿ ನೋಡಿ ಕಲಿತ. ಕಡೂರಿನಲ್ಲಿ ಐಟಿಐ ಓದುತ್ತಾನೆ. ಜೊತೆಗೆ ನಾಲ್ಕೈದು ಹುಡುಗರು, ಅವರಲ್ಲಿ ಒಬ್ಬ ತರೀಕೆರೆಯವನು, ಒಬ್ಬ ಅಜ್ಜಂಪುರದವನು. ಭಾನುವಾರ ಬೆಳಿಗ್ಗೆ ರೈಲಿಗೋ ಬಸ್ಸಿಗೋ ಬಂದು ಸೇರುತ್ತಾರೆ.

ಅವ್ವ ಇದನ್ನು ಕೋತಿ ಕೆಲಸ ಅನ್ನುತ್ತಾಳೆ. "ನಿಮ್ಮಪ್ಪ ತೆಂಗಿನ ಮರ ಹತ್ತಿದ್ದು ಹೊಟ್ಟೆಗೆ. ನೀನು ಯಾತಕ್ಕಪ್ಪಾ ಹತ್ತೋದು?" ಎಂದು ಒಮ್ಮೆ ಕೇಳಿದಳು.

"ಇಳಿಯೋಕೆ ಕಣವ್ವ" ಎಂದ.

ನಾನು ಗೋಡೆ ಕಟ್ಟುವವನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಗಾರೆ ಕೆಲಸಕ್ಕೆ ಸೇರಿದೆ. ಅಲ್ಲಿಂದ ಕೈಯಲ್ಲಿ ಕರಣೆ ಹಿಡಿದದ್ದೇ ಹೆಚ್ಚು, ಪೆನ್ನು ಹಿಡಿದದ್ದು ಕಡಿಮೆ. ಈಗ ಬರೆಯಲು ಕೂತಿರುವುದಕ್ಕೆ ಕಾರಣವಿದೆ. ಒಂದು ಮಾತು ಹೇಳಬೇಕಾದ ಹೊತ್ತಿನಲ್ಲಿ ನಾನು ಬಾಯಿ ಬಿಡಲಿಲ್ಲ.

ಹುಡುಗರು ಹಾರುತ್ತಿದ್ದ ಜಾಗ ಯಗಟಿ ರಸ್ತೆಯಲ್ಲಿರುವ ಒಂದು ಕೊಬ್ಬರಿ ಗೋದಾಮು. ವ್ಯಾಪಾರ ಪೇಟೆಯೊಳಕ್ಕೆ ಹೋದ ಮೇಲೆ ಅದು ಖಾಲಿ ಬಿದ್ದಿತ್ತು. ಲಾರಿಗೆ ಮೂಟೆ ತುಂಬಲು ಎದೆಮಟ್ಟದ ಕಟ್ಟೆಗಳು, ಕೊಬ್ಬರಿ ಒಣಗಿಸಲು ಸಿಮೆಂಟಿನ ಅಂಗಳ, ಸುತ್ತ ಕಾಂಪೌಂಡು. ಅವರ ಆಟಕ್ಕೆ ಹೇಳಿ ಮಾಡಿಸಿದಂತಿತ್ತು. ಅದರ ಯಜಮಾನರು ವಯಸ್ಸಾದ ವರ್ತಕರು, ಸೋಮವಾರ ತಪ್ಪದೆ ಮಠಕ್ಕೆ ಹೋಗಿ ಬರುವವರು. ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ತಮ್ಮ ಅವರ ಅಂಗಡಿಗೇ ಹೋಗಿ ಕೈಕಟ್ಟಿ ನಿಂತು ಕೇಳಿದ್ದನಂತೆ. "ನನ್ನ ಗೋಡೆ ಹೆಂಗದೆಯೋ ಹಂಗೇ ಇರ್ಬೇಕು. ಒಂದು ಚೂರು ಉದುರಿದ್ರೂ ಗೇಟಿಗೆ ಬೀಗ" ಎಂದು ಅವರು ಒಪ್ಪಿದ್ದರು.

ಹುಡುಗರು ಅಲ್ಲಿಗೆ ಹೋಗುವಾಗ ಗೋಣಿಚೀಲ, ಪೊರಕೆ ತೆಗೆದುಕೊಂಡು ಹೋಗುತ್ತಿದ್ದರು. ಅಲ್ಲಿ ಸಂಜೆ ಹೊತ್ತು ಕುಡಿಯುವವರು ಬರುತ್ತಿದ್ದರು. ಬಾಟಲಿ, ಗುಟ್ಕಾ ಚೀಟಿ, ಪ್ಲಾಸ್ಟಿಕ್ ಲೋಟ, ಎಲ್ಲವನ್ನೂ ಇವರೇ ಆರಿಸಿ ಚೀಲಕ್ಕೆ ಹಾಕಬೇಕು. ಆಮೇಲೆ ಕಟ್ಟೆ ಗುಡಿಸಬೇಕು. ಆಮೇಲೆ ಪ್ರತಿಯೊಂದು ಅಂಚನ್ನೂ ಅಂಗೈಯಿಂದ ಉಜ್ಜಿ, ಹಿಮ್ಮಡಿಯಿಂದ ತಟ್ಟಿ ನೋಡಬೇಕು. ಆಮೇಲೆಯೇ ಹಾರುವುದು. ಮನೆಗೆ ಹೊರಡುವ ಮುಂಚೆ ಸುಣ್ಣದ ಗೋಡೆಯ ಮೇಲೆ ಮೂಡಿದ ಶೂ ಗುರುತುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಗುಡಿಯ ಜಗಲಿ, ಮಸೀದಿಯ ಗೋಡೆ, ಸಮಾಧಿ ಇಂಥವನ್ನು ಮುಟ್ಟುತ್ತಲೂ ಇರಲಿಲ್ಲ. ಮನೆಯಲ್ಲಿ ತಾನು ಉಂಡ ತಟ್ಟೆ ಎತ್ತದವನು ಅಲ್ಲಿ ಊರವರ ಎಂಜಲು ಲೋಟ ಎತ್ತುತ್ತಾನೆ ಎಂದು ನಾನು ನಗುತ್ತಿದ್ದೆ.

ಒಂದು ಭಾನುವಾರ ತರೀಕೆರೆ ಹುಡುಗ ಇಳಿಯುವಾಗ ಕಟ್ಟೆಯ ಅಂಚು ಒಂದು ಮೊಳದಷ್ಟು ಉದುರಿತು. ಹಳೇ ಗಾರೆ, ಯಾವತ್ತಾದರೂ ಉದುರುವಂಥದ್ದೇ. ಯಜಮಾನರು ಅಲ್ಲಿಗೆ ಬರುವುದೇ ಅಪರೂಪ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಮ್ಮ ಮಾರನೇ ದಿನವೇ ಅಂಗಡಿಗೆ ಹೋಗಿ ಹೇಳಿಬಿಟ್ಟ.

"ನೀನೇ ಬಂದು ಹೇಳ್ದೆ ಅಂತ ಬಿಟ್ಟಿದೀನಿ. ಸರಿ ಮಾಡ್ಸು" ಎಂದರಂತೆ ಯಜಮಾನರು.

"ನಮ್ಮಣ್ಣ ಗಾರೆ ಕೆಲಸದವ್ನು. ಮಾಡಿಕೊಡ್ತಾನೆ" ಎಂದು ಇವನು ಮಾತು ಕೊಟ್ಟು ಬಂದ.

ಆಗ ನನಗೆ ತರೀಕೆರೆಯಲ್ಲಿ ಮನೆ ಕೆಲಸ ನಡೆಯುತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಬರುತ್ತಿದ್ದೆ. ಊಟ ಮಾಡುವಾಗ ಕೈ ತಟ್ಟೆಗೆ ಹೋಗುವುದೇ ಭಾರವಾಗುತ್ತಿತ್ತು. ತಮ್ಮ ದಿನಾ ಕೇಳುವನು, ನಾನು ದಿನಾ ನಾಳೆ ಅನ್ನುವೆನು. ಕೊನೆಗೆ ಒಂದು ಸಂಜೆ ಅವನ ಕಾಟ ತಾಳಲಾರದೆ ಹೋದೆ. ಹೋಗುವಾಗ ತರೀಕೆರೆ ಕೆಲಸದಲ್ಲಿ ಮಿಕ್ಕಿದ್ದ ಅರ್ಧ ಚೀಲ ಸಿಮೆಂಟು ಹೊತ್ತುಕೊಂಡು ಹೋದೆ. ತಂಡಿ ಹಿಡಿದು ಗಂಟು ಗಂಟಾಗಿತ್ತು. ದುಡ್ಡು ಕೊಡುವವರ ಕೆಲಸವಾಗಿದ್ದರೆ ಅದನ್ನು ಮುಟ್ಟುತ್ತಿರಲಿಲ್ಲ.

ಹಳೇ ಗಾರೆಯ ಮೇಲೆ ಹೊಸದು ಕೂರಬೇಕಾದರೆ ಹಳೆಯದನ್ನು ಉಳಿಯಿಂದ ಕೊಚ್ಚಿ ಒರಟು ಮಾಡಬೇಕು. ಚೆನ್ನಾಗಿ ನೀರು ಕುಡಿಸಬೇಕು. ಸಿಮೆಂಟನ್ನು ಹಾಲಿನ ಹಾಗೆ ಕಲಸಿ ಬಳಿಯಬೇಕು. ಹೊಸದು ಬಿದ್ದ ಮೇಲೂ ಒದ್ದೆ ಗೋಣಿ ಹೊದಿಸಿ ವಾರಗಟ್ಟಲೆ ನೀರು ಹಾಕಬೇಕು. ಇದು ಗಾರೆ ಕೆಲಸದಲ್ಲಿ ಅ ಆ ಇ ಈ. ನಾನು ಇದರಲ್ಲಿ ಒಂದನ್ನೂ ಮಾಡಲಿಲ್ಲ. ಗಂಟುಗಳನ್ನು ಕಾಲಲ್ಲಿ ಒಡೆದು ಕಲಸಿದೆ, ಮೆತ್ತಿದೆ, ಕರಣೆಯಿಂದ ಎಳೆದು ಮೇಲೆ ಮಾತ್ರ ನುಣ್ಣಗೆ ಮಾಡಿದೆ. ನೋಡುವವರಿಗೆ ಹೊಳೆಯುತ್ತಿತ್ತು.

"ನೀರು ಹಾಕ್ಬೇಕಾ ಅಣ್ಣ? ನಾನು ದಿನಾ ಬಂದು ಹಾಕ್ತೀನಿ" ಎಂದ ತಮ್ಮ.

ಹಾಕು ಅಂದರೆ ಇನ್ನೊಂದು ಸಲ ಬಂದು ನೋಡು ಅನ್ನುತ್ತಾನೆ. ನನಗೆ ಮನೆಗೆ ಹೋಗಿ ಒರಗಿದರೆ ಸಾಕಾಗಿತ್ತು. "ಬೇಡ ಬಿಡೋ. ಒಂದು ಮೊಳದ ಕೆಲಸ, ತಾನೇ ಗಟ್ಟಿಯಾಗುತ್ತೆ" ಎಂದೆ.

ಮುಂದಿನ ಭಾನುವಾರ ನನಗೆ ಕೆಲಸವಿರಲಿಲ್ಲ. "ಯಾವಾಗ್ಲೂ ಬೈತೀಯಲ್ಲ, ಒಂದ್ಸಲ ಬಂದು ನೋಡು" ಎಂದು ಎಳೆದುಕೊಂಡು ಹೋದ. ನಾನು ಹೊಂಗೆ ಮರದ ಬುಡದಲ್ಲಿ ಕೂತೆ. ಹುಡುಗರು ಗುಡಿಸಿದರು, ಆರಿಸಿದರು.

"ಏನಣ್ಣ, ಮೇಸ್ತ್ರಿ ಬಂದು ಕೂತ ಮೇಲೆ ಇವತ್ತು ಪೊರಕೆ ಹಿಡಿದವರಿಗೆಲ್ಲ ಸಂಬಳನಾ?" ಎಂದು ಅಜ್ಜಂಪುರದವನು ತಮಾಷೆ ಮಾಡಿದ.

"ನಿಂಗೆ ಅರ್ಧ ಆಳಿನ ಸಂಬಳ. ಮೂಲೆ ಹಂಗೇ ಬಿಟ್ಟಿದೀಯಲ್ಲೋ" ಎಂದೆ. ಎಲ್ಲರೂ ನಕ್ಕರು.

ಆಮೇಲೆ ಅವರು ಒಂದೊಂದು ಕಟ್ಟೆಯ ಹತ್ತಿರ ಹೋಗಿ ತಟ್ಟತೊಡಗಿದರು. ನಾನು ಮೆತ್ತಿದ್ದ ಅಂಚಿನ ಮುಂದೆ ತರೀಕೆರೆ ಹುಡುಗ ನಿಂತು ಕಾಲೆತ್ತಿದ. ಆಗ ತಮ್ಮ ಆ ಕಡೆಯಿಂದ ಕೂಗಿ ಹೇಳಿದ:

"ಲೇ, ಅದು ಬೇಡ ಬಿಡೋ. ನಮ್ಮಣ್ಣ ಕಟ್ಟಿದ್ದು."

ಹುಡುಗ ಕಾಲು ಇಳಿಸಿದ.

ನನಗೆ ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು. ಒಂದು ಒದೆತಕ್ಕೆ ಅದು ಅಲ್ಲಾಡುತ್ತದೆ ಎಂದು ನನಗೆ ಗೊತ್ತಿತ್ತು. "ತಟ್ಟಿ ನೋಡ್ರೋ" ಎಂದಿದ್ದರೆ ಸಾಕಿತ್ತು. ಹಾಗೆಂದರೆ ಅದು ಅವರೆದುರೇ ಕಿತ್ತು ಬರುತ್ತಿತ್ತು, ಈಗ ತಾನೇ ಮೇಸ್ತ್ರಿ ಎಂದು ಕರೆದ ಹುಡುಗರು ನೋಡುತ್ತಿದ್ದರು. ಬೀಳಲಿಕ್ಕಿಲ್ಲ, ಹೇಗೋ ನಿಲ್ಲುತ್ತದೆ ಎಂದುಕೊಂಡು ಕೂತೇ ಇದ್ದೆ.

ತಮ್ಮ ಎದುರಿನ ಕಟ್ಟೆಯಿಂದ ಓಡಿ ಬಂದು ಹಾರಿದ. ಅವನು ಗಾಳಿಯಲ್ಲಿದ್ದದ್ದು ಚೆಂದವಿತ್ತು, ಅದನ್ನು ಇಲ್ಲಿ ಹೇಳದಿದ್ದರೆ ಅವನಿಗೆ ಅನ್ಯಾಯ. ಕಾಲು ಅಂಚಿಗೆ ತಾಗಿತು. ನಾನು ಮೆತ್ತಿದ್ದು ಬಿಸ್ಕತ್ತಿನ ಹಾಗೆ ಒಂದೇ ತುಂಡಾಗಿ ಕಿತ್ತು ಬಂತು. ಅವನು ಹಿಂದಕ್ಕೆ, ಎಡಗೈ ಊರಿ ಅಂಗಳಕ್ಕೆ ಬಿದ್ದ.

ಓಡಿ ಹೋದೆ. ಮೊಣಕೈ ಕೆಳಗೆ ಕೈ ಬೇರೆ ದಿಕ್ಕಿಗೆ ತಿರುಗಿತ್ತು. ಅವನ ಮುಖ ಬೂದಿಯ ಬಣ್ಣಕ್ಕೆ ಬಂದಿತ್ತು. ಆದರೂ ಅವನು ಮೊದಲು ಮಾತಾಡಿದ್ದು ತನ್ನ ಗೆಳೆಯರ ಹತ್ತಿರ: "ಚೂರು ಎತ್ರೋ. ಅಂಗಳದಲ್ಲಿ ಬಿಟ್ಟು ಬರ್ಬೇಡ್ರಿ."

ಅವರು ಅಳುತ್ತಾ ಚೂರು ಎತ್ತಿದರು. ನಾನು ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮೂಳೆ ಮುರಿದಿತ್ತು, ಒಳಗೆ ಪ್ಲೇಟ್ ಹಾಕಿದರು. ಐಟಿಐನಲ್ಲಿ ಅವನದು ಫಿಟ್ಟರ್ ಕೆಲಸ, ಎರಡೂ ಕೈ ಬೇಕು. ಆ ಸಲದ ಪ್ರಾಕ್ಟಿಕಲ್ ಹೋಯಿತು.

ಸುದ್ದಿ ಯಜಮಾನರಿಗೆ ಮುಟ್ಟಿತ್ತು. ಕೈಗೆ ಪಟ್ಟಿ ಕಟ್ಟಿಕೊಂಡೇ ತಮ್ಮ ಅವರ ಅಂಗಡಿಗೆ ಹೊರಟ, ನಾನೂ ಹೋದೆ.

"ಗಾರೆಯವ್ನು ನೀನೇ ಏನಯ್ಯಾ? ಹೆಂಗಾಯ್ತು?" ಎಂದು ಅವರು ನನ್ನನ್ನು ಕೇಳಿದರು.

ಎರಡನೇ ಸಲವೂ ನಾನು ನಿಜ ಹೇಳಲಿಲ್ಲ. ಮೊದಲ ಸಲ ಸುಮ್ಮನಿದ್ದೆ, ಈ ಸಲ ಬಾಯಿಬಿಟ್ಟು ಸುಳ್ಳು ಹೇಳಿದೆ. "ಹುಡುಗ್ರು ಎಲ್ಲಾ ಒಂದೇ ಜಾಗದ ಮೇಲೆ ಎಗರಿದ್ರೆ ಯಾವ ಗಾರೆ ನಿಲ್ತದೆ ಯಜಮಾನ್ರೇ. ಕಾಲು ಜಾರ್ತು" ಎಂದೆ.

ಅವತ್ತು ಆ ಅಂಚಿನ ಮೇಲೆ ಹಾರಿದ್ದು ತಮ್ಮ ಒಬ್ಬನೇ, ಅದೇ ಮೊದಲು. ಅವನು ನನ್ನನ್ನು ನೋಡಲಿಲ್ಲ, ಅಂಗಡಿಯ ತಕ್ಕಡಿ ನೋಡುತ್ತಿದ್ದ.

"ನಾಳೆ ಒಬ್ಬ ಸತ್ರೆ ನನ್ನ ತಲೆಗೆ ಬರ್ತದೆ. ಸಾಕು" ಎಂದು ಯಜಮಾನರು ಮಾತು ಮುಗಿಸಿದರು. ಸಂಜೆಯೊಳಗೆ ಗೇಟಿಗೆ ಬೀಗ ಬಿತ್ತು.

ಹುಡುಗರು ಬೇರೆ ಜಾಗ ಹುಡುಕಿದರು. ಅಜ್ಜಂಪುರದಲ್ಲಿ ಒಂದು ಪಾಳು ಕಟ್ಟಡವನ್ನು ಒಂದು ದಿನವಿಡೀ ಗುಡಿಸಿದರಂತೆ, ಅಕ್ಕಪಕ್ಕದವರು ಬಂದು ಓಡಿಸಿದರು. "ಕಡೂರಲ್ಲಿ ಗೋಡೆ ಒಡೆದು ಬಂದೋರು ಇವರೇ" ಎಂದರಂತೆ. ಈ ಮಾತನ್ನು ತಮ್ಮ ಅವ್ವನಿಗೆ ಹೇಳುತ್ತಿದ್ದಾಗ ನಾನು ಒಳಗೆ ಮಲಗಿದ್ದೆ. ನಿದ್ದೆ ಬಂದಿರಲಿಲ್ಲ.

ಅವತ್ತು ಹುಡುಗರು ಎತ್ತಿ ತಂದಿಟ್ಟ ಚೂರುಗಳ ಗೋಣಿಚೀಲ ನಮ್ಮ ಮನೆಯ ಜಗಲಿಯ ಮೂಲೆಯಲ್ಲೇ ಇತ್ತು. ನಾನು ದಿನಾ ಅದನ್ನು ದಾಟಿ ಬಸ್ಸಿಗೆ ಹೋಗುತ್ತಿದ್ದೆ. ಎತ್ತಿ ಎಸೆಯಲೂ ಇಲ್ಲ. ಒಂದು ದಿನ ಕೆಲಸದಿಂದ ಬಂದಾಗ ತಮ್ಮ ಅದನ್ನು ಬಿಚ್ಚಿಕೊಂಡು ಕೂತಿದ್ದ. ಬಲಗೈಯಲ್ಲಿ ಆ ದೊಡ್ಡ ತುಂಡು.

"ಅಣ್ಣ, ಇದರ ಬೆನ್ನು ಯಾಕೆ ಇಷ್ಟು ನುಣ್ಣಗಿದೆ? ಹಳೇದು ಒಂದು ಚೂರೂ ಅಂಟಿಕೊಂಡು ಬಂದಿಲ್ಲ."

ನಾನು ಕೈಕಾಲು ತೊಳೆಯಲು ಹೋಗುತ್ತಿದ್ದವನು ಅಲ್ಲೇ ಕೂತೆ. ಇನ್ನೊಂದು ಸುಳ್ಳು ಹುಡುಕಲು ತ್ರಾಣವಿರಲಿಲ್ಲ. "ಕೊಚ್ಚಿಲ್ಲ. ನೀರೂ ಕುಡಿಸಿಲ್ಲ. ಸಿಮೆಂಟೂ ಹಳೇದು" ಎಂದೆ.

ಅವನು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅವತ್ತು ತಟ್ಟಬೇಡ ಅಂತ ಕೂಗಿದೆನಲ್ಲ. ನೀನು ಮರದ ಕೆಳಗೇ ಇದ್ದೆ."

"ಹೂಂ."

"ಕೇಳಿಸ್ತಾ?"

"ಕೇಳಿಸ್ತು ಕಣೋ."

ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಚೂರುಗಳನ್ನು ಮತ್ತೆ ಚೀಲಕ್ಕೆ ತುಂಬಿದ. "ನಂಗೆ ಹೇಳಿ ಏನು ಬಂತು. ಯಜಮಾನ್ರಿಗೆ ಹೇಳು. ಅವರು ನಮ್ಮನ್ನ ಕೆಟ್ಟೋರು ಅನ್ಕೊಂಡಿದಾರೆ" ಎಂದು ಒಳಗೆ ಹೋದ.

ಮಾರನೇ ದಿನ ಕೆಲಸ ಬಿಟ್ಟು ಅಂಗಡಿಗೆ ಹೋದೆ. ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾಯುವ ಆಸೆಯಾಯಿತು. ಕಾದರೆ ಹೇಳುವುದಿಲ್ಲ ಎಂದೂ ಗೊತ್ತಿತ್ತು. ಎಲ್ಲರೆದುರೇ ಹೇಳಿದೆ: ಕೆಲಸ ಕೆಡಿಸಿದವನು ನಾನು, ಹುಡುಗರದು ಏನೂ ತಪ್ಪಿಲ್ಲ, ಅವತ್ತು ನಾನು ಹೇಳಿದ್ದು ಸುಳ್ಳು.

ಯಜಮಾನರು ಒಂದು ಕೊಬ್ಬರಿ ಗಿಟುಕು ಎತ್ತಿ ಬೆರಳಿನಿಂದ ಟಕಟಕ ಬಡಿದು ಬುಟ್ಟಿಗೆ ಹಾಕುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಸ್ವಂತ ತಮ್ಮನ ಕಾಲ ಕೆಳಗೆ ಹಂಗೆ ಮಾಡ್ದೋನು, ಕಂಡೋರ ಮನೇಲಿ ಏನು ಮಾಡ್ತೀಯೋ" ಎಂದರು. ಗಿರಾಕಿಯೊಬ್ಬ ನಕ್ಕ. ಬುಟ್ಟಿ ತುಂಬಿದ ಮೇಲೆ ಯಜಮಾನರು ಬೀಗದ ಕೈ ತೆಗೆದು ಮುಂದಿಟ್ಟರು. "ಮೊದ್ಲು ಸರಿ ಮಾಡು. ಹುಡುಗ್ರ ವಿಷಯ ಆಮೇಲೆ."

ಹೊಸ ಸಿಮೆಂಟು ತಂದೆ. ಹಳೆಯದನ್ನು ಉಳಿ ಹಿಡಿದು ಕೊಚ್ಚಿದೆ, ನೀರು ಕುಡಿಸಿದೆ, ಸಿಮೆಂಟಿನ ಹಾಲು ಬಳಿದು ಅಂಚು ಕಟ್ಟಿದೆ. ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ ಹೋಗಿ ಗೋಣಿ ನೆನೆಸಿದೆ. ಬೆನ್ನು ನೋಯುತ್ತಿತ್ತು. ಈ ಕೆಲಸವನ್ನು ಮೊದಲೇ ಹೀಗೆ ಮಾಡಿದ್ದರೂ ಇಷ್ಟೇ ನೋಯುತ್ತಿತ್ತು, ಹೆಚ್ಚೇನಿಲ್ಲ.

ಮಳೆಗಾಲ ಕಳೆದ ಮೇಲೆ ಯಜಮಾನರು ಗೇಟು ತೆಗೆದರು. ತಮ್ಮನ ಕೈ ಇನ್ನೂ ಪೂರ್ತಿ ನೆಟ್ಟಗಾಗುವುದಿಲ್ಲ. ಮೊದಲಿನಷ್ಟು ದೂರ ಹಾರುವುದಿಲ್ಲ, ಆದರೂ ಹೋಗುತ್ತಾನೆ. ಮೊದಲ ಭಾನುವಾರ ನಾನೂ ಹೋದೆ, ಯಾರೂ ಕರೆದಿರಲಿಲ್ಲ. ಹುಡುಗರು ಗುಡಿಸಿ ಮುಗಿಸಿದ ಮೇಲೆ ಅಂಚುಗಳನ್ನು ತಟ್ಟುತ್ತಾ ಬಂದರು. ನಾನು ಕಟ್ಟಿದ ಅಂಚಿನ ಹತ್ತಿರ ತರೀಕೆರೆ ಹುಡುಗ ತಮ್ಮನ ಮುಖ ನೋಡಿದ. ತಮ್ಮ ತಾನೇ ಮುಂದೆ ಬಂದು ಅಂಗೈಯಿಂದ ಉಜ್ಜಿದ. ಹಿಮ್ಮಡಿಯಿಂದ ಒದ್ದ. ಇನ್ನೊಂದು ಸಲ ಜೋರಾಗಿ ಒದ್ದ. ಬಗ್ಗಿ ಕಿವಿಗೊಟ್ಟು ಬೆರಳಿನಿಂದ ಬಡಿದು ನೋಡಿದ. ಯಾವುದೋ ಊರಿನ ಯಾರೋ ಕಟ್ಟಿದ ಗೋಡೆಯನ್ನು ನೋಡುವ ಹಾಗೆ ನೋಡಿದ.

"ಸರಿ ಇದೆ" ಎಂದು ಗೆಳೆಯರಿಗೆ ಹೇಳಿದ.

ಆಮೇಲೆ ನಾನು ಮರದ ಬುಡದಲ್ಲಿ ನಿಂತಿರುವುದನ್ನು ಕಂಡು, ಗೋಣಿಚೀಲ ನನ್ನ ಕಡೆ ಎಸೆದ. "ಹಿಂದಗಡೆ ಗಾಜಿನ ಚೂರು ಅವೆ. ನೋಡ್ಕೊಂಡು ಎತ್ತಣ್ಣ" ಎಂದ.

ನಾನು ಚೀಲ ಹಿಡಿದು ಗೋದಾಮಿನ ಹಿಂದಕ್ಕೆ ಹೋದೆ. ಚೂರುಗಳು ತುಂಬಾ ಇದ್ದವು. ಒಂದೊಂದಾಗಿ ಎತ್ತುತ್ತಿದ್ದಾಗ ಗೋಡೆಯ ಆಚೆಯಿಂದ, ಓಡಿ ಬಂದು ಹಾರುವ ಸದ್ದು, ಅಂಚಿಗೆ ಕಾಲು ತಾಗುವ ಸದ್ದು ಕೇಳುತ್ತಿತ್ತು. ಪ್ರತಿ ಸಲವೂ ಕೈ ನಿಲ್ಲಿಸಿ ಕೇಳಿದೆ. ಈಗಲೂ ಭಾನುವಾರ ಅಲ್ಲಿಗೆ ಹೋದಾಗ ಹಾಗೇ ಆಗುತ್ತದೆ.